ಡಬ್ಬಿಯ ಮೇಲಿನ ಸುಳ್ಳು ಹೆಸರು

ಮನಿಯಲ್, ಕೈರೋ
ಮಂಗಳವಾರ, ೯ ಮಾರ್ಚ್ ೧೯೯೩
ರಂಜಾನಿನ ಹದಿನೈದನೆಯ ದಿನ, ಬೆಳಗಿನ ಜಾವ

ಪ್ರೀತಿಯ ಅಪ್ಪಾ,

ಎರಡೂಕಾಲಿಗೆ ಇದ್ರೀಸ್ ತಾತನ ತಮಟೆ ಎಬ್ಬಿಸಿತು. ಎಬ್ಬಿಸಿತು ಅನ್ನುವುದೂ ಅಷ್ಟು ಸರಿಯಲ್ಲ. ಮಗುವಿಗೆ ಹಾಲು ಕುಡಿಸಿ ಗೋಡೆಗೆ ಒರಗಿದವಳಿಗೆ ಕಣ್ಣು ಹತ್ತಿ ಹತ್ತು ನಿಮಿಷವೂ ಆಗಿರಲಿಲ್ಲ. ತಾತನಿಗೆ ಈಗ ದೃಷ್ಟಿ ಪೂರ್ತಿ ಹೋಗಿದೆ, ಗೋಡೆ ತಡವಿಕೊಂಡು ಬೀದಿ ಸುತ್ತುತ್ತಾನೆ. ಆದರೂ ಯಾವ ಬಾಗಿಲ ಮುಂದೆ ಯಾರ ಹೆಸರು ಕೂಗಿ ಸಹರಿಯ ಊಟಕ್ಕೆ ಎಬ್ಬಿಸಬೇಕು ಅನ್ನುವುದು ಅವನ ತಲೆಯಲ್ಲಿ ಹಾಗೇ ಕೂತಿದೆ. ತೀರಿಹೋದವರು, ಮನೆ ಮಾರಿ ಹೋದವರು, ಮುನಿಸಿಕೊಂಡು ಹೋದವರು ಎಲ್ಲರೂ ಅವನ ಪಾಲಿಗೆ ಇನ್ನೂ ಇದೇ ಬೀದಿಯಲ್ಲಿ ಮಲಗಿದ್ದಾರೆ. ನಮ್ಮ ಬಾಲ್ಕನಿಯ ಕೆಳಗೆ ನಿಂತು ಮೂರು ಪೆಟ್ಟು ಹಾಕಿ ಮೊದಲಿನ ಹಾಗೆಯೇ ಕೂಗಿದ: “ಏಳಪ್ಪಾ ಫಿಕ್ರಿ! ಸಿನಿಮಾ ಎಲ್ಲೂ ಓಡಿಹೋಗಲ್ಲ, ಎದ್ದು ಎರಡು ತುತ್ತು ತಿನ್ನು! ಏ ಫಿಕ್ರೀ!” ನೀನು ಮನೆ ಬಿಟ್ಟು ಹೋಗಿ ನಾಲ್ಕು ವರ್ಷವಾಯಿತು ಅಂತ ಅವನಿಗೆ ಯಾರೂ ಹೇಳಿಲ್ಲ. ನನಗೂ ಹೇಳುವ ಮನಸ್ಸಾಗಿಲ್ಲ. ವರ್ಷಕ್ಕೆ ಒಂದು ತಿಂಗಳಾದರೂ ಈ ಮನೆಯ ಮುಂದೆ ನಿನ್ನ ಹೆಸರು ಕೇಳಲಿ ಅನ್ನಿಸುತ್ತದೆ. ತೊಟ್ಟಿಲಲ್ಲಿದ್ದ ಮಗುವಿಗೂ ಎಚ್ಚರವಾಗಿ ಕಿಟಕಿಯ ಕಡೆಗೆ ಕತ್ತು ತಿರುಗಿಸಿತು. ಆ ಮಾತು ಆಮೇಲೆ.

ನೀನು ಹೇಗಿದ್ದೀ? ಸಕ್ಕರೆ ಎಷ್ಟಿದೆ? ಉಪವಾಸ ಹಿಡಿದಿಲ್ಲ ತಾನೇ? ಡಾಕ್ಟರು ಎದುರಿಗೇ ಬೇಡ ಎಂದಿದ್ದಾರೆ, ದೇವರೂ ಕಾಯಿಲೆಯವರಿಗೆ ಬಿಟ್ಟುಕೊಟ್ಟಿದ್ದಾನೆ. ನೀನು ಮಾತ್ರ ಇಬ್ಬರಿಗೂ ಸುಳ್ಳು ಹೇಳಿ ಹಿಡಿದಿರುತ್ತೀ, ನನಗೆ ಗೊತ್ತು. ಮಂಡಿ ಹೇಗಿದೆ? ರಾಸ್ ಅಲ್-ಬರ್‌ನಲ್ಲಿ ಈ ತಿಂಗಳು ಸಮುದ್ರದ ಗಾಳಿ ಎಲುಬಿಗೆ ಇಳಿಯುತ್ತದಂತೆ. ಬೇಸಿಗೆಯ ಜನಕ್ಕೆಂದು ಕಟ್ಟಿದ ಆ ಮರದ ಮನೆಗಳಲ್ಲಿ, ಅಕ್ಕಪಕ್ಕದ ಕಿಟಕಿಗಳಿಗೆಲ್ಲ ಹಲಗೆ ಬಡಿದಿರುವಾಗ, ನೀನೊಬ್ಬನೇ ದೀಪ ಹಚ್ಚಿಕೊಂಡು ಕೂತಿರುವುದು ನನ್ನ ಕಣ್ಣ ಮುಂದೆ ಬರುತ್ತಲೇ ಇರುತ್ತದೆ. ಬಿಶಾರಾ ಚಿಕ್ಕಪ್ಪನ ಕೈಯಲ್ಲಿ ಉಣ್ಣೆಯ ಟೋಪಿ ಮತ್ತು ಎರಡು ಜೊತೆ ಕಾಲುಚೀಲ ಕಳಿಸುತ್ತಿದ್ದೇನೆ. ಅವರು ಏಳು ಗಂಟೆಯ ಬಸ್ಸಿಗೆ ದಮಿಯೆತ್ತಾಗೆ ಹೊರಟು ಅಲ್ಲಿಂದ ನಿನ್ನಲ್ಲಿಗೆ ಬರುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಈ ಕಾಗದ ನಿನ್ನ ಕೈಯಲ್ಲಿರುತ್ತದೆ. ಅವರ ಕ್ರೈಸ್ತರದೂ ಈಗ ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸ, ಹಾಲು ಬೆಣ್ಣೆ ಮುಟ್ಟುವುದಿಲ್ಲ. ನೀನು ಎಂದಿನಂತೆ ಒತ್ತಾಯ ಮಾಡಿ ಚೀಸ್ ತಿನ್ನಿಸಬೇಡ. ನಾನು ಬುತ್ತಿಗೆ ಎಣ್ಣೆ ಹಾಕಿದ ಬೀನ್ಸು, ರೊಟ್ಟಿ ಕಟ್ಟಿದ್ದೇನೆ.

ನಾನು ಹೇಗಿದ್ದೇನೆ ಅಂದರೆ, ಹೀಗೆ. ನಿನ್ನ ಅಳಿಯ ಶೌಕತ್ ಲಿಬಿಯಾದಿಂದ ತಿಂಗಳಿಗೊಂದು ಕ್ಯಾಸೆಟ್ ಕಳಿಸುತ್ತಾನೆ, ಕಾಗದ ಬರೆಯಲು ಬೇಸರವಂತೆ. ಅದರಲ್ಲಿ ಅರ್ಧ ಭಾಗ ಮರುಭೂಮಿಯ ಗಾಳಿ, ಉಳಿದರ್ಧ “ಇಗ್ಲಾಲ್, ಕೇಳಿಸ್ತಾ ಇದೆಯಾ?” ಮನೆಯಲ್ಲಿ ಮಾತಾಡುವ ಗಂಡಸಿನ ದನಿ ಅದೊಂದೇ. ಮಗುವಿಗೆ ಮೊನ್ನೆ ಮೈ ಬಿಸಿಯಾಗಿತ್ತು, ಈಗ ಪರವಾಗಿಲ್ಲ. ಆದರೂ ನಾನು ರಾತ್ರಿ ಹತ್ತು ಸಲ ಎದ್ದು ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತೇನೆ. ಈ ಸಾಲು ಬರೆಯುವ ಮುಂಚೆಯೂ ಹೋಗಿ ನೋಡಿ ಬಂದೆ. ಎರಡು ಕಳೆದುಕೊಂಡವಳು ಮೂರನೆಯದರ ಮುಂದೆ ಹೇಗೆ ನಿದ್ದೆ ಮಾಡಬೇಕು, ಹೇಳು. ಮೇಲಿನ ಮನೆಯ ಇನ್ಸಾಫ್ ಬಂದು “ಅಯ್ಯೋ, ಎಷ್ಟು ಮುದ್ದಾಗಿದೆ, ಗುಂಡುಗುಂಡಗೆ!” ಎಂದರೆ ಸಾಕು, ಅವಳು ಮೆಟ್ಟಿಲು ಹತ್ತುವ ಮೊದಲೇ ನಾನು ಬಾಗಿಲು ಹಾಕಿ ಉಪ್ಪು ನಿವಾಳಿಸುತ್ತೇನೆ. ಯೂನಿವರ್ಸಿಟಿಯಲ್ಲಿ ನಾಲ್ಕು ವರ್ಷ ರಸಾಯನಶಾಸ್ತ್ರ ಓದಿದವಳು! ಉಪ್ಪಿನ ಪಟಪಟ ಸದ್ದಿಗೆ ಕಾರಣ ಏನೆಂದು ಬರೆದು ಅಂಕ ತೆಗೆದುಕೊಂಡವಳು! ನೀನು ನಗಬೇಡ. ನಿನ್ನ ಮಗಳಲ್ಲವೇ ನಾನು. ಹೋದ ಹಬ್ಬಕ್ಕೆ ನೀನು ಬರೆದ ಕಾರ್ಡಿನಲ್ಲಿ ಮೂರೇ ಸಾಲಿದ್ದವು, ಅದರಲ್ಲಿ ಒಂದು ಸಾಲು ಮಗುವಿನ ಹೆಸರಿನ ಬಗ್ಗೆ: “ನಬವಿಯಾ? ಇದೇನೇ ಗೂಲಾ, ಊರುಗೋಲು ಹಿಡಿದ ಮುದುಕಿಯ ಹೆಸರು!” ನಾಲ್ಕು ವರ್ಷದಲ್ಲಿ ನೀನು ನನ್ನನ್ನು ಗೂಲಾ ಎಂದದ್ದು ಅದೊಂದೇ ಸಲ. ಆ ಕಾರ್ಡನ್ನು ತೊಟ್ಟಿಲ ಹಾಸಿಗೆಯ ಕೆಳಗೆ ಇಟ್ಟಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ಭಾನುವಾರ ಇಫ್ತಾರಿನ ಹೊತ್ತಿಗೆ ಬಿಶಾರಾ ಚಿಕ್ಕಪ್ಪ ಬಂದರು. ನಿನ್ನ ಹನ್ನೊಂದು ಸಿನಿಮಾಕ್ಕೂ ದೀಪ ಹಿಡಿದ ಮನುಷ್ಯ, ನಮ್ಮ ಮನೆಯ ಬಲ್ಬು ಮಂಕಾಗಿದ್ದರೂ ಸ್ಟೂಲು ಹತ್ತುವವರು, ಅವತ್ತು ಮೇಲೆ ನೋಡಲೂ ಇಲ್ಲ. “ಹಾಜಿಯ ಮಕ್ಕಳು ಹರಮ್ ರಸ್ತೆಯ ಉಗ್ರಾಣ ಖಾಲಿ ಮಾಡಿಸ್ತಾ ಇದ್ದಾರೆ ಮಗಳೇ. ಬುಧವಾರ ಬೆಳಿಗ್ಗೆ ಎಂಟಕ್ಕೆ ಲಾರಿ ಬರುತ್ತೆ” ಅಂದರು. ನಿನ್ನ ನಿರ್ಮಾಪಕ ಹಾಜಿ ತೀರಿಕೊಂಡದ್ದು ನಿನಗೆ ಗೊತ್ತಲ್ಲ. ಮಕ್ಕಳಿಗೆ ಆ ಜಾಗದಲ್ಲಿ ಮದುವೆ ಛತ್ರ ಬೇಕಂತೆ. ಅಲ್ಲಿರುವ ನೆಗೆಟಿವ್‌ಗಳನ್ನೆಲ್ಲ ಬೆಳ್ಳಿ ತೆಗೆಯುವವನೊಬ್ಬ ತೂಕಕ್ಕೆ ಕೊಂಡಿದ್ದಾನೆ. ಫಿಲ್ಮನ್ನು ಕಡಾಯಿಗೆ ಹಾಕಿ ಕುದಿಸುತ್ತಾನೆ. ಆ ಕಡಾಯಿಯಲ್ಲಿ ಏನಾಗುತ್ತದೆ ಅನ್ನುವುದು ನನಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತು ಅಪ್ಪಾ. ಮೊದಲು ಅಂಟು ಕರಗಿ ಮೇಲೆ ನೊರೆಯಾಗಿ ಬರುತ್ತದೆ. ಮುಖಗಳೆಲ್ಲ ಇರುವುದು ಆ ಅಂಟಿನಲ್ಲೇ.

ನಿನ್ನೆ ಮಗುವನ್ನು ಎತ್ತಿಕೊಂಡು ನಾನೂ ಬಿಶಾರಾ ಚಿಕ್ಕಪ್ಪನೂ ಉಗ್ರಾಣಕ್ಕೆ ಹೋದೆವು. ಹಾಜಿಯ ದೊಡ್ಡ ಮಗ ಕೆಟ್ಟವನೇನಲ್ಲ. “ನಮ್ಮಪ್ಪ ನಿಮ್ಮಪ್ಪ ಒಂದೇ ರೊಟ್ಟಿ ಮುರಿದು ತಿಂದವರು. ನೆನಪಿಗೆ ಅಂತ ಒಂದು ಸಿನಿಮಾದ ಡಬ್ಬಿಗಳನ್ನ ತಗೊಂಡು ಹೋಗಿ, ಬೇಡ ಅನ್ನಲ್ಲ. ಒಂದೇ. ಹೆಸರು ಹೇಳಿ, ಎತ್ಕೊಳ್ಳಿ, ಹುಡುಕಾಟ ಬೇಡ” ಅಂದ. ಯಾವ ಸಿನಿಮಾ ಅಂತ ನಾನು ಯೋಚಿಸಬೇಕಾಗಿಯೇ ಇರಲಿಲ್ಲ. “ಇಂಬಾಬಾದ ದೋಣಿ” ಎಂದೆ. ಉಗ್ರಾಣದ ಅಬ್ದುಲ್ ಮುಗ್ನಿ ಕನ್ನಡಕ ಏರಿಸಿಕೊಂಡು ಪಟ್ಟಿಯ ಮೇಲೆ ಬೆರಳು ಓಡಿಸಿದ. ಓಡಿಸಿ, ನನ್ನ ಮುಖ ನೋಡಿ, ಮತ್ತೆ ಓಡಿಸಿದ. ಆಮೇಲೆ ನಗಲು ಶುರುಮಾಡಿದ. “ಅಮ್ಮಾವ್ರೇ, ಫಿಕ್ರಿ ಗಿರ್ಗಾವಿ ಅನ್ನೋರ ಹೆಸರಲ್ಲಿ ಇಲ್ಲಿ ಸಿನಿಮಾನೇ ಇಲ್ಲ. ತರಕಾರಿ ಮಂಡಿ ಇದೆ. ಕೇಳಿ: ಕೊಳೆತ ಈರುಳ್ಳಿ, ಹತ್ತು ಡಬ್ಬಿ. ಅತ್ತೆಯ ಹಲ್ಲು, ಒಂಬತ್ತು. ನೊಣ ಬಿದ್ದ ಸಾರು, ಹನ್ನೊಂದು. ಹರಿದ ಕಾಲುಚೀಲ... ಇವೇನ್ ಸಿನಿಮಾನಾ, ಬೈಗುಳಾನಾ?”

ನಾನೂ ನಕ್ಕೆ. ನಗುತ್ತಾ ನಗುತ್ತಾ ಅಳು ಬಂತು, ಮಗು ನನ್ನ ಮುಖ ನೋಡಿ ತಾನೂ ಅಳತೊಡಗಿತು. ಹರಿದ ಕಾಲುಚೀಲ ನನ್ನದಲ್ಲವೇ ಅಪ್ಪಾ? ಏಳು ವರ್ಷದವಳಿದ್ದೆ. ಹೊಸ ಸಿನಿಮಾ ಶುರುವಾಗುವ ಹಿಂದಿನ ದಿನ ನೀನು ನನ್ನನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿ, “ಗೂಲಾ, ಈ ಸಲದ ಹೆಸರು ಏನಿಡೋಣ? ಕೇಳಿದವರು ಮೂಗು ಮುಚ್ಚಿಕೊಳ್ಳಬೇಕು” ಎನ್ನುತ್ತಿದ್ದೆ. ಬಣ್ಣಬಣ್ಣದ ಪೋಸ್ಟರಿನ ಮೇಲಿನ ಹೆಸರು ಊರಿಗೆ. ಕ್ಲ್ಯಾಪ್ ಹಲಗೆಯ ಮೇಲೆ, ಲ್ಯಾಬಿನ ಚೀಟಿಯ ಮೇಲೆ, ಡಬ್ಬಿಯ ಮೇಲೆ ಮಾತ್ರ ಈ ಹೊಲಸು ಹೆಸರು. ಚಂದದ ಹೆಸರು ಸ್ಟುಡಿಯೋದಲ್ಲಿ ಬಾಯಿಂದ ಬಾಯಿಗೆ ಹೋದರೆ ಯಾರದಾದರೂ ಕಣ್ಣು ಬೀಳುತ್ತದೆ, ಕ್ಯಾಮೆರಾ ಕಚ್ಚಿಕೊಳ್ಳುತ್ತದೆ, ನಾಯಕಿಗೆ ಜ್ವರ ಬರುತ್ತದೆ ಅನ್ನುವುದು ನಿನ್ನ ಲೆಕ್ಕ. ಗಿರ್ಗಾದ ಹಳ್ಳಿಯಲ್ಲಿ ಗಂಡುಮಗುವಿಗೆ ಗೋಣಿಚೀಲ ಅಂತಲೋ ಭಿಕ್ಷುಕ ಅಂತಲೋ ಹೆಸರಿಟ್ಟು ಬೆಳೆಸುವ ಅಜ್ಜಿಯ ಮೊಮ್ಮಗ ನೀನು. ಕೈರೋಗೆ ತಗಡಿನ ಪೆಟ್ಟಿಗೆಯಲ್ಲಿ ಎರಡು ಅಂಗಿಯ ಜೊತೆಗೆ ಅದನ್ನೂ ತಂದಿದ್ದೆ. ಕ್ಲ್ಯಾಪ್ ಹಿಡಿಯುವ ಕೆಲಸದಿಂದ ಹಿಡಿದು ನಿರ್ದೇಶಕನ ಕುರ್ಚಿಯವರೆಗೆ, ಹನ್ನೆರಡು ವರ್ಷ, ಅದನ್ನು ಎಲ್ಲೂ ಬಿಡಲಿಲ್ಲ. ಆದರೆ ಯೋಚಿಸಿ ನೋಡು, ಹಾಗೆ ಎಷ್ಟು ಚೆನ್ನಾಗಿ ಬಚ್ಚಿಟ್ಟೆ ಅಂದರೆ, ನಾಳೆ ಬೆಳ್ಳಿಯವನ ಲಾರಿಗೆ ಹೋಗಲಿರುವುದು ಹನ್ನೊಂದು ಸಿನಿಮಾ ಅಂತ ಆ ಉಗ್ರಾಣದಲ್ಲಿ ಒಬ್ಬರಿಗೂ ಗೊತ್ತಿಲ್ಲ.

ಏಳು ಹೆಸರು ನಾನು ಇಟ್ಟವು. ಯಾವುದು ಯಾವ ಸಿನಿಮಾ ಅಂತ ನಿದ್ದೆಯಲ್ಲೂ ಹೇಳುತ್ತೇನೆ. ಉಳಿದ ನಾಲ್ಕು ನಾನು ಹುಟ್ಟುವುದಕ್ಕೆ ಮೊದಲಿನವು, ಇಲ್ಲವೇ ಮಾತು ಬಾರದಿದ್ದಾಗಿನವು: ಕುಂಟ ಒಂಟೆ, ಬೋಳು ಬೆಕ್ಕು, ಹಳಸಿದ ಬೀನ್ಸು, ತೂತು ತಂಬಿಗೆ. ಈ ನಾಲ್ಕರಲ್ಲಿ ಒಂದು ಇಂಬಾಬಾದ ದೋಣಿ. ಯಾವುದು? ಡಬ್ಬಿ ತೆರೆದು ಎರಡು ಅಡಿ ಫಿಲ್ಮು ಬೆಳಕಿಗೆ ಹಿಡಿದರೆ ತಿಳಿಯುತ್ತಿತ್ತು. ಕೊಂಡವನು ತೂಕ ಮಾಡಿ ಒಂದೊಂದಕ್ಕೂ ತಂತಿ ಬಿಗಿದು ಮೊಹರು ಹಾಕಿಬಿಟ್ಟಿದ್ದಾನೆ. “ಮೊಹರು ಒಡೆದ್ರೆ ಇಡೀ ವ್ಯಾಪಾರ ಮುರಿತಾನಮ್ಮ, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ” ಎಂದು ಅಬ್ದುಲ್ ಮುಗ್ನಿ ಕೈಮುಗಿದ. ಬಿಶಾರಾ ಚಿಕ್ಕಪ್ಪನನ್ನು ಕೇಳಿದರೆ ಹಣೆ ಚಚ್ಚಿಕೊಂಡರು: “ದೀಪ ಎಲ್ಲಿಟ್ಟಿದ್ದೆ ಕೇಳು, ಹೇಳ್ತೀನಿ. ದೋಣಿಯ ಎಡಗಡೆ ಒಂದು, ಸೇತುವೆ ಕೆಳಗೆ ಎರಡು. ಡಬ್ಬಿ ಮೇಲೆ ಏನು ಬರೆದ್ರು ಅಂತ ಯಾವನು ನೋಡಿದ? ಅದು ನಿಮ್ಮಮ್ಮನ ಕೆಲಸ.”

ಅಮ್ಮನ ಕೆಲಸವೇ. ಇಂಬಾಬಾದ ದೋಣಿಯ ಡಬ್ಬಿಗೆ ಆ ಮೊದಲ ಸುಳ್ಳು ಹೆಸರು ಇಟ್ಟವಳು ಅವಳೇ ಎಂದು ನೀನೇ ಹೇಳಿದ್ದೆ. ಆಗ ಅವಳು ಲ್ಯಾಬಿನಲ್ಲಿ ಬಿಳಿ ಕೈಗವಸು ಹಾಕಿಕೊಂಡು ನೆಗೆಟಿವ್ ಕತ್ತರಿಸುವ ಹುಡುಗಿ. ನೀನು ಎರಡು ದಿನ ಚಿತ್ರೀಕರಿಸಿದ್ದು ಮಸುಕಾಗಿ ಬಂದಾಗ ಮುಖ ಬಾಡಿಸಿಕೊಂಡು ನಿಂತಿದ್ದೆಯಂತೆ. ಅವಳು ಡಬ್ಬಿಯ ಮೇಲಿನ ಚೀಟಿ ಕಿತ್ತು, ಮೇಣದ ಪೆನ್ಸಿಲ್ಲಿನಲ್ಲಿ ಇನ್ನೇನೋ ಬರೆದು, “ಇನ್ನು ಯಾರ ಕಣ್ಣೂ ಬೀಳಲ್ಲ, ಹೋಗಿ ತೆಗೀರಿ ಸಾರ್” ಎಂದಳಂತೆ. ಮೂರನೆಯ ದಿನ ರೊಟ್ಟಿ ಹೊರುವ ಪಾತ್ರದವಳು ಬರಲಿಲ್ಲ. ಡಬ್ಬಿ ತಂದುಕೊಡಲು ಬಂದಿದ್ದ ಇವಳ ತಲೆಯ ಮೇಲೆ ರೊಟ್ಟಿಯ ಹಲಗೆ ಇಟ್ಟು ದೋಣಿ ಹತ್ತಲು ಹೇಳಿದೆ, ಕ್ಯಾಮೆರಾ ನೋಡಬೇಡ ಎಂದೂ ಹೇಳಿದೆ. ಅವಳು ಹನ್ನೊಂದು ಹೆಜ್ಜೆ ನಡೆದು, ದೋಣಿಯ ಅಂಚಿಗೆ ಕಾಲಿಟ್ಟು, ತಿರುಗಿ ಸೀದಾ ಕ್ಯಾಮೆರಾ ನೋಡಿ ನಕ್ಕುಬಿಟ್ಟಳು. ನೀನು ಕಿರುಚಾಡಿದೆಯಂತೆ. ಆದರೆ ಆ ಶಾಟನ್ನು ತೆಗೆದುಹಾಕಲಿಲ್ಲ, ಆರು ತಿಂಗಳಿಗೆ ಅವಳನ್ನೇ ಮದುವೆಯಾದೆ. ನನಗೆ ಹನ್ನೊಂದು ವರ್ಷವಿದ್ದಾಗ ಸಯ್ಯಿದಾ ಝೈನಬ್‌ನ ಮುರುಕು ಥಿಯೇಟರಿನಲ್ಲಿ ಒಂದೇ ಒಂದು ಸಲ ನೋಡಿದೆ. ನೀನು ಕತ್ತಲಲ್ಲಿ ನನ್ನ ಕೈ ಹಿಡಿದು ಅವಳ ಹೆಜ್ಜೆ ಎಣಿಸಿದೆ. ಆಮೇಲೆ ಪ್ರಿಂಟುಗಳೆಲ್ಲ ಸವೆದು ಹೋದವು. ಅಮ್ಮ ಕ್ಯಾಮೆರಾ ಕಂಡರೆ ಸೆರಗಿನ ಹಾಗೆ ಕೈ ಅಡ್ಡ ಹಿಡಿಯುವವಳು. ಮದುವೆಯ ಫೋಟೋದಲ್ಲಿ ಕಣ್ಣು ಮುಚ್ಚಿದ್ದಾಳೆ, ನನ್ನನ್ನು ಎತ್ತಿಕೊಂಡ ಫೋಟೋದಲ್ಲಿ ಬೆನ್ನು ತೋರಿಸಿದ್ದಾಳೆ. ಅವಳು ತೀರಿಹೋಗಿ ಹನ್ನೆರಡು ವರ್ಷ. ಕಣ್ಣು ಬಿಟ್ಟ ಅಮ್ಮ ಈ ಲೋಕದಲ್ಲಿ ಉಳಿದಿರುವುದು ಆ ಡಬ್ಬಿಯೊಳಗೆ ಮಾತ್ರ, ಹನ್ನೊಂದು ಹೆಜ್ಜೆ.

ಈಗ ನೀನು ಏನನ್ನುತ್ತೀ ಅಂತ ಗೊತ್ತು. “ಕುದೀಲಿ ಬಿಡು ಗೂಲಾ, ಯಾರಿಗೆ ಬೇಕು” ಅನ್ನುತ್ತೀ. ಆ ಮಾತು ನಿನಗೆ ಕಲಿಸಿದವಳು ನಾನೇ. ನಾಲ್ಕು ವರ್ಷದಿಂದ ಬರೆಯಬೇಕು ಎಂದುಕೊಂಡು ಬರೆಯದೆ ಹೋದದ್ದು ಇದು, ಬರೆದುಬಿಡುತ್ತೇನೆ. ಹಾಜಿ ನಿನ್ನ ಕೊನೆಯ ಸಿನಿಮಾದ ಅಂತ್ಯವನ್ನು ಕತ್ತರಿಸಿ ವೀಡಿಯೋದವರಿಗೆ ಮಾರಿದ ವಾರ ಅದು. ನನ್ನ ಎರಡನೆಯ ಮಗುವನ್ನು ಮೂರನೆಯ ದಿನಕ್ಕೆ ಮಣ್ಣು ಮಾಡಿ ಬಂದ ವಾರವೂ ಅದೇ. ನೀನು ಊಟದ ಮೇಜಿನ ಮುಂದೆ ಕೂತು ಅದೇ ಅಂತ್ಯದ ಮಾತು ಆಡುತ್ತಿದ್ದೆ, ಕೊನೆಯ ಸೀನಿನಲ್ಲಿ ಬಾಗಿಲು ತೆರೆದೇ ಇರಬೇಕಿತ್ತು, ಮುಚ್ಚಿಬಿಟ್ಟರು ಅಂತ. ನನಗೆ ತಲೆ ಕೆಟ್ಟಿತ್ತು. “ಕಣ್ಣು ಬೀಳಬಾರದು ಅಂತ ಬಚ್ಚಿಟ್ಟು ಬಚ್ಚಿಟ್ಟು ನೀನೇ ಯಾರ ಕಣ್ಣಿಗೂ ಕಾಣದ ಹಾಗಾದೆಯಲ್ಲಪ್ಪಾ. ನಿನ್ನ ಸಿನಿಮಾ ಯಾರಿಗೆ ಬೇಕು? ನನ್ನ ಮಕ್ಕಳನ್ನ ಉಳಿಸಿತಾ ನಿನ್ನ ಸುಳ್ಳು ಹೆಸರು?” ಎಂದೆ. ನೀನು ಚಮಚ ಕೆಳಗಿಟ್ಟೆ. ಮರುದಿನ ರಾಸ್ ಅಲ್-ಬರ್‌ನ ಸ್ನೇಹಿತನ ಮನೆಯ ಬೀಗದಕೈ ತೆಗೆದುಕೊಂಡು ಹೋದೆ. ಬಾಗಿಲನ್ನು ಬಡಿಯಲಿಲ್ಲ, ತೆರೆದೇ ಬಿಟ್ಟು ಹೋದೆ. ನಾನು ಆ ಬಾಗಿಲನ್ನು ಸಂಜೆಯವರೆಗೆ ಮುಚ್ಚದೆ ಕೂತಿದ್ದೆ ಅಂತ ನಿನಗೆ ಗೊತ್ತಿಲ್ಲ. ಈಗಲೂ ಟೀವಿಯಲ್ಲಿ ನಿನ್ನ ಹಾಸ್ಯದ ಸಿನಿಮಾ ಬಂದರೆ ಹೆಸರು ಬರುವ ಹೊತ್ತಿಗೆ ಜಾಹೀರಾತು ಹಾಕುತ್ತಾರೆ. ಇನ್ಸಾಫ್‌ಗೆ ಆ ಸಿನಿಮಾ ಬಾಯಿಪಾಠ, ಕೆಳಗಿನ ಮನೆಯಲ್ಲಿದ್ದವರು ಅದನ್ನು ಮಾಡಿದವರು ಅಂತ ಗೊತ್ತಿಲ್ಲ. ನಾನೂ ಹೇಳುವುದಿಲ್ಲ. ತಪ್ಪಾಯಿತು ಅಪ್ಪಾ. ಆವತ್ತು ಹೇಳಬೇಕಾದ ಮಾತು ಅದೊಂದೇ ಇತ್ತು, ಅದನ್ನು ಬಿಟ್ಟು ಬೇರೆಲ್ಲ ಹೇಳಿದೆ.

ಮಗು ಮಗ್ಗುಲು ಬದಲಿಸಿತು, ಹೋಗಿ ನೋಡಿ ಬಂದೆ. ಬೆವರಿದೆ, ಒಳ್ಳೆಯದೇ. ಕಿಟಕಿಯಾಚೆ ಆಗಲೇ ಬಾಂಗಿನ ಹೊತ್ತು. ನಾನು ಸಹರಿಗೆ ಏನೂ ತಿನ್ನಲಿಲ್ಲ, ಬರೆಯುತ್ತಾ ಕೂತುಬಿಟ್ಟೆ.

ನಮ್ಮ ಫೋನಿನ ನಂಬರು ಬದಲಾಗಿಲ್ಲ. ರಾಸ್ ಅಲ್-ಬರ್‌ನ ಟೆಲಿಫೋನ್ ಕಚೇರಿ ರಂಜಾನಿನಲ್ಲಿ ರಾತ್ರಿಯಿಡೀ ತೆರೆದಿರುತ್ತದೆ ಎಂದು ಬಿಶಾರಾ ಚಿಕ್ಕಪ್ಪ ವಿಚಾರಿಸಿದ್ದಾರೆ. ಅವರೇ ನಿನ್ನ ಜೊತೆ ಬರುತ್ತಾರೆ, ನೀನು ಬೇಡವೆಂದರೆ ಹೊತ್ತುಕೊಂಡು ಹೋಗುತ್ತೇನೆ ಎಂದಿದ್ದಾರೆ. ಒಂಟೆಯೋ, ಬೆಕ್ಕೋ, ಬೀನ್ಸೋ, ತಂಬಿಗೆಯೋ, ಅಷ್ಟು ಹೇಳಿದರೆ ಸಾಕು. ನಾಳೆ ಏಳೂವರೆಗೆ ನಾನು ಟ್ಯಾಕ್ಸಿ ನಿಲ್ಲಿಸಿಕೊಂಡು ಉಗ್ರಾಣದ ಬಾಗಿಲಲ್ಲಿರುತ್ತೇನೆ. ಫೋನ್ ಬಾರದಿದ್ದರೆ ನಾಲ್ಕರಲ್ಲಿ ಒಂದನ್ನು ಕಣ್ಣು ಮುಚ್ಚಿ ಆರಿಸಬೇಕಾಗುತ್ತದೆ, ಉಳಿದ ಮೂರು ಲಾರಿ ಹತ್ತುವುದನ್ನು ನಿಂತು ನೋಡಬೇಕಾಗುತ್ತದೆ. ಅಷ್ಟು ಶಕ್ತಿ ನನಗಿಲ್ಲ.

ದೇವರು ನಿನ್ನ ಆಯುಸ್ಸನ್ನು ಗಟ್ಟಿ ಮಾಡಲಿ, ನಿನ್ನ ನೆರಳು ನಮ್ಮ ಮೇಲಿರಲಿ. ಟೋಪಿ ಹಾಕಿಕೋ, ಪೆಟ್ಟಿಗೆಯಲ್ಲಿ ಇಡಬೇಡ. ನಿನ್ನ ಎರಡೂ ಕೈಗಳಿಗೆ ಮುತ್ತು.

ನಿನ್ನ ಮಗಳು
ಗೂಲಾ

ಮರೆತಿಲ್ಲ, ಬೇಕೆಂದೇ ಕೊನೆಗೆ ಉಳಿಸಿಕೊಂಡೆ. ಬಿಶಾರಾ ಚಿಕ್ಕಪ್ಪ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ, “ಬಸ್ಸು ಹೋಗುತ್ತೆ ಮಗಳೇ” ಎನ್ನುತ್ತಿದ್ದಾರೆ. ಅಪ್ಪಾ, ನಬವಿಯಾ ಅನ್ನುವವಳು ಇಲ್ಲವೇ ಇಲ್ಲ. ನನಗೆ ಹುಟ್ಟಿದ್ದು ಗಂಡುಮಗು. ಒಂಬತ್ತು ತಿಂಗಳಿಂದ ಫ್ರಾಕು ಹಾಕಿ, ಒಂದು ಕಿವಿಗೆ ಓಲೆ ಚುಚ್ಚಿಸಿ, ಕಟ್ಟಡಕ್ಕೆಲ್ಲ, ಬಿಶಾರಾ ಚಿಕ್ಕಪ್ಪನಿಗೂ, ನಿನಗೂ ಹೆಣ್ಣೆಂದು ಹೇಳಿದ್ದೇನೆ. ಶೌಕತ್‌ಗೆ ಮಾತ್ರ ಗೊತ್ತು, ಅವನು ನನ್ನ ಡಿಗ್ರಿಯನ್ನು ನೆನೆದು ನಗುತ್ತಾನೆ. ನಿನ್ನನ್ನು ಹೀಯಾಳಿಸಿದವಳು ನಿನ್ನಂತೆಯೇ ಮಾಡಿದೆ, ಡಬ್ಬಿಯ ಮೇಲೆ ಸುಳ್ಳು ಹೆಸರು ಬರೆದೆ. ಅವನ ನಿಜವಾದ ಹೆಸರು ಫಿಕ್ರಿ. ಬಾಗಿಲು ಕಿಟಕಿ ಮುಚ್ಚಿ ಅವನ ಕಿವಿಯಲ್ಲಿ ಪಿಸುಗುಟ್ಟುತ್ತೇನೆ, ಜೋರಾಗಿ ಕೂಗಲು ಇವತ್ತಿಗೂ ಧೈರ್ಯವಾಗಿಲ್ಲ. ರಾತ್ರಿ ಇದ್ರೀಸ್ ತಾತ ಬೀದಿಯಿಂದ ಕೂಗಿದಾಗ ಅವನು ಕಣ್ಣು ಬಿಟ್ಟು, ತನ್ನನ್ನೇ ಯಾರೋ ಕರೆದರು ಎಂದು ಕಿಟಕಿಯ ಕಡೆ ತಿರುಗಿ ನಕ್ಕ. ಅಮ್ಮ ದೋಣಿಯಿಂದ ತಿರುಗಿ ನಕ್ಕಳಲ್ಲ, ಹಾಗೆಯೇ ಅಪ್ಪಾ, ಅದೇ ನಗು. ಆಮೇಲೆ ನನಗೆ ಮಲಗಲು ಆಗಲಿಲ್ಲ. ಡಬ್ಬಿಯ ಹೆಸರು ನೆನಪಿಗೆ ಬಾರದಿದ್ದರೆ ಪರವಾಗಿಲ್ಲ, ಅದು ಹೋಗಲಿ, ಆದರೂ ಫೋನ್ ಮಾಡು. ರಿಸೀವರನ್ನು ಅವನ ಕಿವಿಗೆ ಇಡುತ್ತೇನೆ, ನೀನು ಅವನ ಹೆಸರು ಹಿಡಿದು ಜೋರಾಗಿ ಕರೆ, ಕಟ್ಟಡಕ್ಕೆಲ್ಲ ಕೇಳಿದರೂ ಕೇಳಲಿ. ನಾನು ಫೋನಿನ ಪಕ್ಕ ನೆಲದ ಮೇಲೆ ಹಾಸಿಕೊಂಡಿರುತ್ತೇನೆ, ಮೊದಲನೇ ಗಂಟೆಗೇ ಎತ್ತುತ್ತೇನೆ. ನಾಳೆ ಬೆಳಗಾಗುವುದರೊಳಗೆ ಫೋನ್ ಮಾಡಪ್ಪಾ.